ಕೋಟೆ ಬೀಳುವುದು ಗೊತ್ತಿದ್ದರೂ ಕಿವಿಗೊಟ್ಟು ಕೂರುವಂತೆ ಓದುವುದು

ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ಕೈಗೆ ಹೋಯಿತು. ಇದು ನಮಗೆಲ್ಲ ಗೊತ್ತಿರುವ ಸಂಗತಿ. ತ.ರಾ.ಸು. ಅವರ ಕಾದಂಬರಿಯಂತೂ ಹೆಸರಿನಲ್ಲೇ ಕೊನೆಯನ್ನು ಹೇಳಿಬಿಡುತ್ತದೆ: ‘ದುರ್ಗಾಸ್ತಮಾನ’. ಕೊಡಗು 1834ರಲ್ಲಿ ಬ್ರಿಟಿಷರ ಪಾಲಾಯಿತು ಅಂತ ಗೊತ್ತಿದ್ದೇ ನಾವು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಹಿಡಿದು ಕೂರುತ್ತೇವೆ. ಪತ್ತೇದಾರಿ ಕಾದಂಬರಿಯ ಕೊನೆಯನ್ನು ಯಾರಾದರೂ ಮೊದಲೇ ಹೇಳಿದರೆ ಸಿಟ್ಟು ಬರುತ್ತೆ, ಅಲ್ವಾ? ಐತಿಹಾಸಿಕ ಕಾದಂಬರಿಯಲ್ಲಿ ಹಾಗಾಗುವುದಿಲ್ಲ. ಕೊನೆ ಗೊತ್ತಿದ್ದೂ ಪುಟ ತಿರುಗಿಸುತ್ತೇವೆ, ಯಾಕೆಂದರೆ ಒಳಗಿರುವ ಜನಕ್ಕೆ ಅದು ಗೊತ್ತಿಲ್ಲ. ಅವರು ಮಗಳ ಮದುವೆ ಮಾತಾಡುತ್ತಾರೆ, ಕೆರೆ ಏರಿ ಸರಿ ಮಾಡಿಸುತ್ತಾರೆ, ಮುಂದಿನ ವರ್ಷದ ಬೆಳೆಯ ಲೆಕ್ಕ ಹಾಕುತ್ತಾರೆ. ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಡೀ ಸಂಕಟ ಹುಟ್ಟುವುದು ಅಲ್ಲೇ.

ಈಗ ಅದೇ ಕಾದಂಬರಿಯನ್ನು ಇಯರ್‌ಫೋನ್ ಹಾಕಿಕೊಂಡು ಕೇಳುವುದನ್ನು ಯೋಚಿಸಿ. ನಮ್ಮ ಮತ್ತು ಪಾತ್ರಗಳ ನಡುವೆ ಇನ್ನೊಬ್ಬರು ಬಂದು ಕೂತಿದ್ದಾರೆ. ಅವರು ಪುಸ್ತಕವನ್ನು ಕೊನೆಯವರೆಗೂ ಓದಿದ್ದಾರೆ, ಅವರಿಗೆ ಎಲ್ಲವೂ ಗೊತ್ತು. ಆ ಗೊತ್ತಿರುವಿಕೆ ದನಿಯಲ್ಲಿ ಒಂದಿಷ್ಟು ಸೋರಿದರೂ ಕಥೆ ಕೆಟ್ಟಿತು. ಮೊದಲ ಅಧ್ಯಾಯದಲ್ಲೇ ಮದಕರಿನಾಯಕನ ಹೆಸರನ್ನು ನಿಟ್ಟುಸಿರಿನ ಜೊತೆ ಹೇಳಿದರೆ ಆತ ಆಗಲೇ ಸತ್ತ ಹಾಗೆ. ಆಮೇಲೆ ಆತ ಎಷ್ಟು ಕುದುರೆ ಓಡಿಸಿದರೂ ಕೇಳುವವರಿಗೆ ಕಾಣುವುದು ಹೆಣವೇ. ಐತಿಹಾಸಿಕ ಕಾದಂಬರಿಗೆ ಚೆನ್ನಾಗಿ ದನಿ ಕೊಡುವುದು ಅಂದರೆ, ನನ್ನ ಪ್ರಕಾರ, ಎಲ್ಲ ಗೊತ್ತಿದ್ದೂ ದನಿಯಲ್ಲಿ ಅದು ಗೊತ್ತಾಗದ ಹಾಗೆ ಹತ್ತಿಪ್ಪತ್ತು ಗಂಟೆ ಹಿಡಿದಿಡುವುದು. ದನಿ ಗಡಸಾಗಿರೋದು, ಉಚ್ಚಾರ ಸ್ಪಷ್ಟವಾಗಿರೋದು, ಹೆಣ್ಣು ಪಾತ್ರಕ್ಕೆ ತೆಳು ದನಿ ತೆಗೆಯೋದು, ಇವೆಲ್ಲ ಆಮೇಲಿನ ಮಾತು.

ಮದಕರಿಯ ಉದಾಹರಣೆಯನ್ನೇ ಇನ್ನೂ ಸ್ವಲ್ಪ ನೋಡೋಣ. ಆತ ಚಿಕ್ಕ ವಯಸ್ಸಿಗೇ ಪಟ್ಟಕ್ಕೆ ಬಂದವನು. ಮುಂದೆ ದುರ್ಗವನ್ನು ಮುತ್ತಿದ ಅದೇ ಹೈದರನ ಜೊತೆ ಒಂದು ಕಾಲಕ್ಕೆ ಸ್ನೇಹವೂ ಇತ್ತು, ಹೈದರನ ದಂಡಿಗೆ ದುರ್ಗದ ಬೇಡರ ಪಡೆ ಕೈಜೋಡಿಸಿದ್ದೂ ಉಂಟು. ಇದನ್ನು ಓದುವಾಗ ದನಿ ಕೊಡುವವರ ಮುಂದೆ ದೊಡ್ಡ ಆಮಿಷ ಇರುತ್ತೆ. ಹೈದರ್ ಅಂದ ಕೂಡಲೇ ದನಿ ಒರಟು ಮಾಡೋಣ, ‘ನೋಡಿ, ಇವನೇ ಮುಂದೆ ಮೋಸ ಮಾಡುವವನು’ ಅಂತ ಕೇಳುಗರಿಗೆ ಕಣ್ಣು ಹೊಡೆಯೋಣ ಅನ್ನಿಸುತ್ತೆ. ಹಾಗೆ ಮಾಡಿದರೆ ಸ್ನೇಹ ಸುಳ್ಳಾಗುತ್ತದೆ, ಮದಕರಿ ದಡ್ಡನಾಗಿ ಕಾಣುತ್ತಾನೆ. ಆ ಹೊತ್ತಿನಲ್ಲಿ ಸ್ನೇಹ ನಿಜವಾಗಿತ್ತು, ಅಥವಾ ಇಬ್ಬರಿಗೂ ಅದು ಬೇಕಾಗಿತ್ತು. ದನಿ ಆ ಹೊತ್ತನ್ನು ನಂಬಬೇಕು.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ತಲೆ 1540ರಲ್ಲಿ ಉರುಳಿತು. ಹಿಲರಿ ಮ್ಯಾಂಟೆಲ್ ಅವನ ಬಗ್ಗೆ ಮೂರು ದೊಡ್ಡ ಕಾದಂಬರಿ ಬರೆದರು. ಮೊದಲನೆಯದು, ‘ವುಲ್ಫ್ ಹಾಲ್’, 2009ರಲ್ಲಿ ಬುಕರ್ ಪಡೆಯಿತು. ಬರೆದಿರುವುದು ವರ್ತಮಾನ ಕಾಲದಲ್ಲಿ. ‘ನಡೆದ’, ‘ಹೇಳಿದ’ ಅಂತ ಇಲ್ಲ, ‘ನಡೆಯುತ್ತಾನೆ’, ‘ಹೇಳುತ್ತಾನೆ’ ಅಂತ. ಜೊತೆಗೆ, ಬರೀ ‘ಅವನು’ ಅಂತ ಬಂದರೆ ಸಾಮಾನ್ಯವಾಗಿ ಅದು ಕ್ರಾಮ್‌ವೆಲ್. ಕಾಗದದ ಮೇಲೆ ಇದು ಎಷ್ಟೋ ಓದುಗರನ್ನು ತಡವರಿಸುವಂತೆ ಮಾಡಿತು. ಕೋಣೆಯಲ್ಲಿ ನಾಲ್ಕು ಗಂಡಸರಿದ್ದಾಗ ‘ಅವನು’ ಯಾರು ಅಂತ ವಾಕ್ಯವನ್ನು ಹಿಂದಕ್ಕೆ ಹೋಗಿ ಓದಬೇಕಾಗುತ್ತಿತ್ತು.

ಕಿವಿಗೆ ಬಂದಾಗ ಆ ತೊಡಕು ಮುಕ್ಕಾಲು ಕರಗುತ್ತದೆ. ನಟ ಬೆನ್ ಮೈಲ್ಸ್ ಈ ಕಾದಂಬರಿಗಳ ರಂಗರೂಪದಲ್ಲಿ ಕ್ರಾಮ್‌ವೆಲ್ ಆಗಿದ್ದವರು. 2013ರ ಕೊನೆಯಿಂದ 2015ರವರೆಗೆ ಸ್ಟ್ರಾಟ್‌ಫರ್ಡ್, ಲಂಡನ್, ನ್ಯೂಯಾರ್ಕ್ ಹೀಗೆ ಆಡಿದರು. ಮೂರನೆಯ ಕಾದಂಬರಿ 2020ರಲ್ಲಿ ಬಂದಾಗ ಅದರ ಆಡಿಯೋಬುಕ್‌ಗೆ ಅವರೇ ದನಿ ಕೊಟ್ಟರು. ಹತ್ತಿರಹತ್ತಿರ 38 ಗಂಟೆಯ ಓದು! ಆಮೇಲೆ ಮೊದಲ ಎರಡನ್ನೂ ಅವರು ಓದಿದರು. ಆ ಎರಡಕ್ಕೆ ಮೊದಲೇ ಬೇರೆ ಬೇರೆ ನಿರೂಪಕರ ಓದುಗಳು ಇದ್ದವು, ಅವನ್ನು ಮೆಚ್ಚಿದವರೂ ತುಂಬಾ ಜನ. ಒಂದೇ ಕಾದಂಬರಿಯ ಎರಡು ಓದುಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರೆ ದನಿ ಮಾಡುವ ಕೆಲಸ ಕಣ್ಣಿಗೆ ಕಟ್ಟುತ್ತದೆ. ಮೈಲ್ಸ್ ಓದುವಾಗ ‘ಅವನು’ ಯಾರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ಎಲ್ಲ ಪಾತ್ರಗಳೂ ಕ್ರಾಮ್‌ವೆಲ್‌ನ ಕಿವಿಗೆ ಬಿದ್ದ ಹಾಗೆಯೇ ನಮ್ಮ ಕಿವಿಗೂ ಬೀಳುತ್ತವೆ. ಇಷ್ಟೆಲ್ಲ ಆಗಿ, ಈ ಮನುಷ್ಯನಿಗೆ ನಾಳೆ ಏನು ಕಾದಿದೆ ಅನ್ನುವುದರ ಸುಳಿವೂ ಆ ದನಿಯಲ್ಲಿಲ್ಲ. ಇನ್ನೊಂದು ಕಾಗದಕ್ಕೆ ಸಹಿ ಮಾಡಬೇಕು, ಇನ್ನೊಬ್ಬ ರಾಯಭಾರಿಯನ್ನು ನೋಡಬೇಕು, ಅಷ್ಟೇ ಅವನ ತಲೆಯಲ್ಲಿ.

ಇಂಗ್ಲಿಷಿನ ತೊಡಕು ‘ಅವನು’. ಕನ್ನಡದಲ್ಲಿ ದನಿ ಕೊಡುವವರ ತೊಡಕು ಬೇರೆ, ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಮಾತು ಮೊದಲು, ಯಾರು ಆಡಿದರು, ಹೇಗೆ ಆಡಿದರು ಅನ್ನುವುದು ಎಷ್ಟೋ ಸಲ ಆಮೇಲೆ. ಸುಮ್ನೆ ಉದಾಹರಣೆಗೆ ಅಂತ ನಾನೇ ಒಂದು ವಾಕ್ಯ ಕಟ್ಟುತ್ತೇನೆ:

“ದಿಡ್ಡಿ ಬಾಗಿಲ ಕೀಲಿ ಈಗ ಯಾರ ಕೈಲಿದೆ?” ಎಂದು, ವೀಳ್ಯದೆಲೆಯ ತೊಟ್ಟು ಮುರಿಯುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದ ದಳವಾಯಿ.

ಇದನ್ನು ಮೊದಲ ಸಲ ಕಣ್ಣಾಡಿಸಿ ಜೋರಾಗಿ ಓದುವವರು ಏನು ಮಾಡುತ್ತಾರೆ? ಕೋಟೆ, ಕೀಲಿ, ಪ್ರಶ್ನೆ ಎಲ್ಲ ಕಂಡ ಕೂಡಲೇ ದನಿ ಏರಿಸಿ, ದರ್ಬಾರಿನಲ್ಲಿ ಗದರಿಸುವ ಹಾಗೆ ಓದುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಆತ ಎಲೆಯ ತೊಟ್ಟು ಮುರಿಯುತ್ತಿದ್ದ, ಮುಖ ಕೂಡ ಎತ್ತಲಿಲ್ಲ. ಅಂದರೆ ಅದು ಗದರಿಕೆಯೇ ಅಲ್ಲ, ಎಲೆ ಅಡಿಕೆ ನಡುವೆ ಬಂದ ಮಾತು. ಹಾಗಾಗಿ ಬಾಯಿ ತೆರೆಯುವ ಮುಂಚೆಯೇ ವಾಕ್ಯದ ಕೊನೆ ಗೊತ್ತಿರಬೇಕು. ಇನ್ನು ಒತ್ತು ಎಲ್ಲಿ ಬೀಳಬೇಕು? ‘ಈಗ’ ಮೇಲೆ ಒತ್ತು ಹಾಕಿದರೆ ಕೀಲಿ ಕೈ ಬದಲಾಗಿದೆ ಅನ್ನುವ ಅನುಮಾನ. ‘ಯಾರ’ ಮೇಲೆ ಹಾಕಿದರೆ ಆತ ಯಾರನ್ನೋ ಹುಡುಕುತ್ತಿದ್ದಾನೆ. ಎಲ್ಲೂ ಹಾಕದಿದ್ದರೆ ರಾತ್ರಿ ಮಲಗುವ ಮುಂಚೆ ಕೇಳುವ ದಿನನಿತ್ಯದ ವಿಚಾರಣೆ. ಈ ದಳವಾಯಿ ಇನ್ನು ನೂರು ಪುಟ ಆದ ಮೇಲೆ ಶತ್ರುವಿಗೆ ಬಾಗಿಲು ತೆರೆಯುವವನು ಅಂತ ಇಟ್ಟುಕೊಳ್ಳಿ. ಆಗ ಮೂರನೆಯ ಓದೇ ಸರಿ. ಕೇಳುವವರು ಅದನ್ನು ಗಮನಿಸದೆ ಮುಂದೆ ಹೋಗಬೇಕು, ನೂರು ಪುಟ ಕಳೆದ ಮೇಲೆ ಫಕ್ಕನೆ ನೆನಪಾಗಬೇಕು. ಬಹುಶಃ ಈ ಹೊತ್ತಿಗೆ ಅವನೇ ಇನ್ನೂ ನಿರ್ಧಾರ ಮಾಡಿಲ್ಲ. ಅವನೇ ಮಾಡದ ನಿರ್ಧಾರವನ್ನು ಓದುವವರು ಮಾಡಿಬಿಡಬಾರದು.

‘ಚಿಕವೀರ ರಾಜೇಂದ್ರ’ದ ಕುಂಟ ಬಸವನನ್ನು ಓದುವುದು ಇದೇ ಕಾರಣಕ್ಕೆ ಕಷ್ಟ. ಅವನ ಹುಟ್ಟಿನ ಗುಟ್ಟು ಬಹಳ ತಡವಾಗಿ ಬಿಚ್ಚಿಕೊಳ್ಳುತ್ತದೆ (ಓದದೆ ಇರುವವರಿಗಾಗಿ ಅದೇನು ಅಂತ ಇಲ್ಲಿ ಹೇಳುವುದಿಲ್ಲ). ಅಲ್ಲಿಯವರೆಗೆ ಅವನು ರಾಜನ ಕೆಟ್ಟ ಚಾಳಿಗೆಲ್ಲ ಜೊತೆಯಾಗುವ ಸಹಚರ, ಮಂತ್ರಿ. ಅವನಿಗೆ ಸಿನಿಮಾ ಖಳನ ದನಿ ಕೊಟ್ಟರೆ ಆ ಗುಟ್ಟು ತೆರೆದಾಗ ಕೇಳುಗರ ಮನಸ್ಸಿನಲ್ಲಿ ಕರುಣೆಗೆ ಜಾಗವೇ ಉಳಿದಿರುವುದಿಲ್ಲ. ಗುಟ್ಟನ್ನು ಮೊದಲೇ ಕನಿಕರದ ದನಿಯಲ್ಲಿ ಬಿಟ್ಟುಕೊಟ್ಟರೆ ಮಾಸ್ತಿ ಕಟ್ಟಿದ್ದೆಲ್ಲ ನೀರುಪಾಲು.

ಸಿನಿಮಾ ಅಂದೆ. ಇತಿಹಾಸ ಅಂದರೆ ಕನ್ನಡದ ಕಿವಿಗೆ ಮೊದಲು ನೆನಪಾಗುವುದು ರಾಜ್‌ಕುಮಾರ್ ದನಿ. 1960ರ ‘ರಣಧೀರ ಕಂಠೀರವ’ದಿಂದ 1975ರ ‘ಮಯೂರ’ದವರೆಗೆ ನಮ್ಮ ರಾಜರೆಲ್ಲ ಹೇಗೆ ಮಾತಾಡುತ್ತಾರೆ ಅಂತ ಕಲಿಸಿದ್ದು ಅವರೇ. ಅದು ಗುಬ್ಬಿ ಕಂಪನಿಯಂಥ ನಾಟಕ ಕಂಪನಿಗಳಲ್ಲಿ ಪಳಗಿದ ದನಿ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕೂತವರಿಗೂ ಪ್ರತಿ ಅಕ್ಷರ ತಲುಪಬೇಕು ಅಂತ ಬೆಳೆದ ಕಲೆ. ಅದರ ಬಗ್ಗೆ ನನಗೆ ಇರುವ ಗೌರವ ಅಷ್ಟಿಷ್ಟಲ್ಲ. ಆದರೆ ಆಡಿಯೋಬುಕ್ ಕೇಳುವವರು ಕೊನೆಯ ಸಾಲಿನಲ್ಲಿಲ್ಲ. ಮೈಕು ಬಾಯಿಂದ ಒಂದು ಗೇಣು ದೂರ, ಇಯರ್‌ಫೋನ್ ಕಿವಿಯ ಒಳಗೆ. ಅಲ್ಲಿ ದರ್ಬಾರಿನ ಗರ್ಜನೆ ಹತ್ತು ನಿಮಿಷ ಚೆಂದ, ಎರಡು ಗಂಟೆಗೆ ತಲೆನೋವು. ನಾನು ಕೇಳಿದ ಒಂದು ಕನ್ನಡ ಆಡಿಯೋ ಪುಸ್ತಕದಲ್ಲಿ ರಾಜ ಊಟಕ್ಕೆ ಏಳುವುದನ್ನೂ ಯುದ್ಧ ಸಾರುವ ದನಿಯಲ್ಲೇ ಓದಿದ್ದರು. ಕೊನೆಗೆ ನಿಜವಾದ ಯುದ್ಧ ಬಂದಾಗ ಏರಿಸಲು ದನಿಯೇ ಮಿಕ್ಕಿರಲಿಲ್ಲ.

ಹಾಗಾದರೆ ನಮ್ಮಲ್ಲಿ ಮಾದರಿ ಇಲ್ಲವಾ? ಬೇಕಾದಷ್ಟಿದೆ, ನೋಡಬೇಕಾದ ಕಡೆ ನೋಡುತ್ತಿಲ್ಲ ಅಷ್ಟೇ. ಕರಾವಳಿ, ಮಲೆನಾಡಿನ ತಾಳಮದ್ದಳೆಯನ್ನೇ ತೆಗೆದುಕೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಕೂತು ಮಾತು. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾರೆ. ಕರ್ಣ ಸಾಯುತ್ತಾನೆ ಅಂತ ಅಲ್ಲಿ ಕೂತಿರುವ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಕರ್ಣನ ಅರ್ಥಧಾರಿ ಸೋಲುವವನ ಹಾಗೆ ಮಾತಾಡುವುದಿಲ್ಲ. ಕೃಷ್ಣನ ಮಾತನ್ನು ಕತ್ತರಿಸುತ್ತಾನೆ, ವಾದ ಹೂಡುತ್ತಾನೆ, ಈ ರಾತ್ರಿ ಬೇಕಾದರೆ ಗೆದ್ದೇಬಿಡುತ್ತೇನೆ ಅನ್ನುವ ಹಾಗೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ಜನ ಇಂದಿಗೂ ಧ್ವನಿಮುದ್ರಣದಲ್ಲಿ ಹುಡುಕಿ ಕೇಳುತ್ತಾರೆ. ಕೊನೆ ಗೊತ್ತಿರುವ ಕಥೆಯನ್ನು ಕೊನೆ ಗೊತ್ತಿಲ್ಲದವನ ಬಾಯಲ್ಲಿ ಆಡಿಸುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಾ?

ಗಮಕದಲ್ಲಿ ಇನ್ನೊಂದು ಪಾಠ ಇದೆ, ಅದು ಉಸಿರಿನದು. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿ ಗಮಕಿಗಳ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ರಾಗದಲ್ಲಿ ಓದುವಾಗ ತಾಳಕ್ಕೆ ಕಟ್ಟಿಹಾಕುವುದಿಲ್ಲ. ಎಲ್ಲಿ ಪದ ಒಡೆಯಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅರ್ಥವೇ ತೀರ್ಮಾನಿಸುತ್ತದೆ. ತ.ರಾ.ಸು. ಅವರ ಉದ್ದ ವಾಕ್ಯಗಳಿಗೆ ಬೇಕಾಗಿರುವುದೂ ಇದೇ. ಅಲ್ಪವಿರಾಮ ಕಂಡಲ್ಲೆಲ್ಲ ಉಸಿರೆಳೆದರೆ ವಾಕ್ಯ ತುಂಡುತುಂಡು. ಯುದ್ಧದ ವರ್ಣನೆಯಲ್ಲಂತೂ ಹೊಸಬರು ಓಟಕ್ಕೆ ಬೀಳುತ್ತಾರೆ. ಕೇಳುವವರಿಗೆ ಕುದುರೆ ಯಾವ ಕಡೆಯಿಂದ ಬಂತು, ಬತೇರಿ (ಕೋಟೆಯ ಬುರುಜು) ಎಲ್ಲಿತ್ತು, ಬಿದ್ದವನು ಯಾರು ಒಂದೂ ತಿಳಿಯುವುದಿಲ್ಲ. ವೇಗ ಬರಹದಲ್ಲೇ ಇರುವಾಗ ದನಿ ಸ್ವಲ್ಪ ತಡೆದು ನಿಲ್ಲುವುದೇ ಒಳ್ಳೆಯದು.

ಜಾಗ ನೋಡಿ ಬಂದವರ ಓದೇ ಬೇರೆ. ಓಬವ್ವನ ಪ್ರಸಂಗ ಯಾವ ಪುಸ್ತಕದಲ್ಲೇ ಬರಲಿ, ನಾವು ಅದನ್ನು ಗದ್ದಲದ ದೃಶ್ಯವಾಗಿ ಕಲ್ಪಿಸಿಕೊಂಡಿರುತ್ತೇವೆ. ಚಿತ್ರದುರ್ಗಕ್ಕೆ ಹೋಗಿ ಆ ಕಿಂಡಿಯ ಮುಂದೆ ನಿಂತು ನೋಡಿ. ಬಂಡೆಗಳ ನಡುವೆ ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ನುಸುಳುವಷ್ಟು ಜಾಗ. ಒಬ್ಬೊಬ್ಬನೇ ಬರಬೇಕು. ಮೊದಲನೆಯವನಿಗೆ ಏನಾಯಿತು ಅಂತ ಎರಡನೆಯವನಿಗೆ ಕೇಳಿಸಿದರೆ ಅವನು ಬರುವುದೇ ಇಲ್ಲ. ಹಾಗಾಗಿ ಅದು ಕಿರುಚಾಟದ ದೃಶ್ಯವಾಗಲು ಸಾಧ್ಯವೇ ಇಲ್ಲ. ತೀರಾ ಸದ್ದಿಲ್ಲದ ದೃಶ್ಯ ಅದು: ಒನಕೆಯ ಒಂದು ಏಟು, ಹೆಣವನ್ನು ಪಕ್ಕಕ್ಕೆ ಎಳೆಯುವುದು, ಮತ್ತೆ ಕಾಯುವುದು. ಇದನ್ನು ಕಂಡವರು ಆ ಪುಟಗಳನ್ನು ಪಿಸುದನಿಗೆ ಹತ್ತಿರವಾಗಿ ಓದುತ್ತಾರೆ, ಕೇಳುವವರ ಮೈ ಜುಮ್ಮೆನ್ನುತ್ತದೆ.

ಪರದೇಶದವರ ಮಾತಿನ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಖಡಾಖಂಡಿತ. ಮಾಸ್ತಿಯ ಕಾದಂಬರಿಯಲ್ಲಿ ಇಂಗ್ಲಿಷ್ ಅಧಿಕಾರಿಗಳಿದ್ದಾರೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ದಲ್ಲಿ (2019) ಲಿಸ್ಬನ್ನಿನ ಜನ ಇದ್ದಾರೆ. ಇವರಿಗೆಲ್ಲ ಹಳೇ ನಾಟಕದ ‘ದೊರೆ ಕನ್ನಡ’, ಅಂದರೆ ತಡವರಿಸುವ ಒಡಕು ಕನ್ನಡ ಹಚ್ಚುವುದು ತಪ್ಪು. ಲಿಸ್ಬನ್ನಿನ ಹುಡುಗ ತನ್ನ ಊರಿನ ಹುಡುಗಿಯ ಜೊತೆ ಮಾತಾಡುವಾಗ ತನ್ನ ತಾಯಿಭಾಷೆಯನ್ನೇ ಸಲೀಸಾಗಿ ಆಡುತ್ತಿದ್ದಾನೆ. ಅದು ನಮಗೆ ಕನ್ನಡದಲ್ಲಿ ಕೇಳುತ್ತಿದೆ, ಅಷ್ಟೇ. ಅವನ ಕನ್ನಡವೂ ಸಲೀಸಾಗಿರಬೇಕು. ಅವನು ಈ ನೆಲಕ್ಕೆ ಬಂದು ಇಲ್ಲಿನವರ ಭಾಷೆ ಕಲಿಯುವಾಗ ತಡವರಿಸಲಿ, ಆ ತಡವರಿಕೆಗೆ ಆಗ ಅರ್ಥ ಬರುತ್ತದೆ. ಮಡಿಕೇರಿಯ ಬೋಪಣ್ಣನಿಗೂ ಇದೇ ಮಾತು. ಮಾಸ್ತಿ ಅವನ ಬಾಯಲ್ಲಿ ತಿಳಿಗನ್ನಡ ಇಟ್ಟಿದ್ದಾರೆ. ಓದುವವರು ಅದಕ್ಕೆ ಕೊಡವ ಧಾಟಿಯ ಬಣ್ಣ ಬಳಿಯಲು ಹೋಗಬಾರದು.

ಹಿನ್ನೆಲೆ ಸಂಗೀತ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ, ಅಧ್ಯಾಯದ ಶುರುವಿಗೆ ನಾಲ್ಕು ಸೆಕೆಂಡು ಇರಲಿ. ಆದರೆ ಮಾತಿನ ಕೆಳಗೆ ಶೋಕದ ಶಹನಾಯಿ ಹರಿಸಿದರೆ ದನಿ ಕಷ್ಟಪಟ್ಟು ಬಚ್ಚಿಟ್ಟಿದ್ದನ್ನು ಅದು ಬಯಲು ಮಾಡಿಬಿಡುತ್ತದೆ.

ಒಬ್ಬರೇ ಓದಬೇಕಾ, ಹತ್ತು ಜನ ಓದಬೇಕಾ ಅನ್ನುವ ಚರ್ಚೆಯೂ ಈಗ ಜೋರಾಗಿದೆ. ಅಮೆರಿಕದಲ್ಲಿ ‘ಲಿಂಕನ್ ಇನ್ ದಿ ಬಾರ್ಡೋ’ ಆಡಿಯೋಬುಕ್‌ಗೆ 2017ರಲ್ಲಿ 166 ಜನ ದನಿ ಕೊಟ್ಟರು. ಆ ಕಾದಂಬರಿ ಬರೆದಿರುವುದೇ ಹಾಗೆ, ನೂರಾರು ದನಿಗಳ ಚೂರುಗಳಾಗಿ, ಹಾಗಾಗಿ ಅಲ್ಲಿ ಒಪ್ಪಿತು. ನಮ್ಮಲ್ಲಿ ಬಾನುಲಿ ನಾಟಕದ ರೂಢಿ ಗಟ್ಟಿ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಶುರು ಮಾಡಿದರು, ಅಲ್ಲಿಂದಾಚೆ ಬೆಳೆದ ಕಿವಿ ನಮ್ಮದು. ಹತ್ತು ಜನರನ್ನು ಸೇರಿಸೋಣ ಅನ್ನಿಸುವುದು ಸಹಜ. ಆದರೆ ಐತಿಹಾಸಿಕ ಕಾದಂಬರಿಯಲ್ಲಿ ಸಂಭಾಷಣೆಗಿಂತ ನಿರೂಪಣೆ ಜಾಸ್ತಿ. ನಟರು ಬೇರೆ ಬೇರೆ ದಿನ ಬಂದು ತಮ್ಮ ಸಾಲು ಓದಿ ಹೋದರೆ ಯಾರಿಗೂ ಇಡೀ ಕಥೆಯ ಹದ ಗೊತ್ತಿರುವುದಿಲ್ಲ. ನನಗೆ ಒಬ್ಬರೇ ಓದಿದ್ದು ಇಷ್ಟ.

ಇನ್ನು ಯಂತ್ರದ ದನಿ. ಆಪಲ್ ಕಂಪನಿ 2023ರ ಶುರುವಿನಲ್ಲೇ ಯಂತ್ರ ಓದಿದ ಪುಸ್ತಕಗಳನ್ನು ಮಾರಾಟಕ್ಕೆ ಇಟ್ಟಿತು. ಆಡಿಯೋಬುಕ್ ಮಾರುವ ಆಡಿಬಲ್ ಕಂಪನಿ 2025ರ ಮೇ ತಿಂಗಳಲ್ಲಿ ಪ್ರಕಾಶಕರಿಗೆ ಇಂಥ ಸೌಲಭ್ಯ ಕೊಡುವುದಾಗಿ ಹೇಳಿತು. ಕನ್ನಡದ ಯಂತ್ರದನಿಯೂ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಕಣ್ಣು ಕಾಣದವರಿಗೆ ಯಾವ ಪುಸ್ತಕ ಬೇಕಾದರೂ ತಕ್ಷಣ ಕೇಳಲು ಸಿಗುವುದು ದೊಡ್ಡ ವರ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಮೇಲಿನ ದಳವಾಯಿಯ ವಾಕ್ಯಕ್ಕೆ ಮತ್ತೆ ಹೋಗಿ. ಯಂತ್ರ ಅದನ್ನು ತಪ್ಪಿಲ್ಲದೆ ಓದೀತು. ನೂರು ಪುಟದ ಆಚೆ ನಡೆಯುವುದನ್ನು ಮನಸ್ಸಿನಲ್ಲಿಟ್ಟು, ಅದಕ್ಕಾಗಿಯೇ ಇಲ್ಲಿ ‘ಈಗ’ ಮೇಲಿನ ಒತ್ತನ್ನು ಬೇಕಂತಲೇ ಬಿಟ್ಟುಕೊಟ್ಟ ಓದನ್ನು ನಾನು ಇನ್ನೂ ಯಂತ್ರದಿಂದ ಕೇಳಿಲ್ಲ. ಬಚ್ಚಿಡಬೇಕಾದರೆ ಬಚ್ಚಿಡಲು ಏನಾದರೂ ಗೊತ್ತಿರಬೇಕಲ್ಲ.

ಯಂತ್ರಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮನುಷ್ಯರನ್ನೇ ಯಂತ್ರದ ಹಾಗೆ ಓದಿಸುವ ಲೆಕ್ಕಾಚಾರ. ಈ ಕೆಲಸಕ್ಕೆ ಹಣ ಕೊಡುವ ಒಂದು ಸಾಮಾನ್ಯ ಪದ್ಧತಿ, ಸಿದ್ಧವಾದ ಆಡಿಯೋದ ಒಂದು ಗಂಟೆಗೆ ಇಷ್ಟು ಅಂತ. ಆ ಒಂದು ಗಂಟೆಗೆ ಮೈಕಿನ ಮುಂದೆ ಸುಮಾರು ಎರಡು ಗಂಟೆ ಕೂರಬೇಕು. ತಪ್ಪಾದರೆ ಕೆಲವು ಸೆಕೆಂಡು ಹಿಂದಿನಿಂದ ಕೇಳಿಸಿಕೊಂಡು ಅದೇ ಉಸಿರಿನಲ್ಲಿ ಮತ್ತೆ ಹಿಡಿಯಬೇಕು. ಹೊಟ್ಟೆ ಗುರ್ ಎಂದರೂ, ಬಟ್ಟೆ ಸರಕ್ ಎಂದರೂ ಮೈಕಿಗೆ ಕೇಳುತ್ತದೆ. ಬಾಯಿ ಒಣಗಿ ಟಿಕ್ ಟಿಕ್ ಸದ್ದು ಬರದಿರಲಿ ಅಂತ ಹಸಿರು ಸೇಬು ಕಚ್ಚಿಕೊಂಡು ಓದುವವರಿದ್ದಾರೆ. ಮನೆಯಲ್ಲೇ ಮುದ್ರಿಸುವವರು ಬೇಸಿಗೆಯಲ್ಲೂ ಫ್ಯಾನ್ ಆರಿಸಿ, ಕಿಟಕಿಗೆ ರಜಾಯಿ ಕಟ್ಟಿ, ಪಕ್ಕದ ಮನೆಯ ಕುಕ್ಕರ್ ಕೂಗುವುದು ನಿಲ್ಲಲಿ ಅಂತ ಕಾಯುತ್ತಾರೆ. ಅದಾದ ಮೇಲೆ ತಿದ್ದುವವರ ಗಂಟೆಗಳು ಬೇರೆ.

ಇದರಲ್ಲಿ ಎಲ್ಲೂ ಲೆಕ್ಕಕ್ಕೆ ಬರದ ಕೆಲಸ ಒಂದಿದೆ. ಓದುವ ಮುಂಚೆ ಇಡೀ ಪುಸ್ತಕವನ್ನು ಎರಡು ಸಲ ಓದುವುದು, ಯಾವ ಪಾತ್ರಕ್ಕೆ ಯಾವಾಗ ಏನು ಗೊತ್ತು ಅಂತ ಪುಟದ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು, ಊರಿನ ಹೆಸರು, ಬುರುಜಿನ ಹೆಸರು, ನಾಗತಿಯರ (ನಾಯಕರ ರಾಣಿಯರ) ಹೆಸರನ್ನು ಆ ಊರಿನವರ ಬಾಯಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು. ಅದಕ್ಕೆ ಗಂಟೆ ಲೆಕ್ಕದಲ್ಲಿ ಒಂದು ಪೈಸೆ ಇಲ್ಲ. ಮೂವತ್ತು ಗಂಟೆಯ ಐತಿಹಾಸಿಕ ಕಾದಂಬರಿ ಒಪ್ಪಿಕೊಂಡವರು ಮುನ್ನೂರು ಪುಟದ ಸಾಂಸಾರಿಕ ಕಾದಂಬರಿ ಓದಿದವರಿಗಿಂತ ಗಂಟೆಗೆ ಕಡಿಮೆ ದುಡಿದ ಹಾಗಾಗುತ್ತದೆ. ಆಗ ಯಾರು ಸಿದ್ಧತೆ ಮಾಡುತ್ತಾರೆ? ನೇರವಾಗಿ ಮೈಕಿನ ಮುಂದೆ ಕೂತು, ವಾಕ್ಯದ ಕೊನೆ ಏನಿದೆ ಅಂತ ಗೊತ್ತಿಲ್ಲದೆ ಓದಿಕೊಂಡು ಹೋಗುತ್ತಾರೆ. ತಪ್ಪು ಅವರದಲ್ಲ.

ಕನ್ನಡ ಪ್ರಕಾಶಕರು, ಮೈಲ್ಯಾಂಗ್ ಥರದ ಆ್ಯಪ್‌ಗಳು ಆಡಿಯೋ ಪುಸ್ತಕದ ಕಡೆ ಮನಸ್ಸು ಮಾಡಿರುವುದು ನಿಜಕ್ಕೂ ಸಂತೋಷದ ವಿಷಯ. ಈ ವ್ಯವಹಾರ ನಡೆಸುವವರೆಲ್ಲ ಐತಿಹಾಸಿಕ ಕಾದಂಬರಿಗಳ ಮಟ್ಟಿಗಾದರೂ ಸಿದ್ಧತೆಗೆ ಅಂತ ಬೇರೆ ಹಣ, ಒಂದು ತಿಂಗಳ ಸಮಯ ಕೊಡಲಿ. ಆ ಊರು, ಆ ಕಾಲ ಬಲ್ಲ ಒಬ್ಬರ ಫೋನ್ ನಂಬರ್ ಓದುವವರ ಕೈಗೆ ಸಿಗಲಿ. ಮುಖಪುಟದ ಮೇಲೆ ಲೇಖಕರ ಹೆಸರಿನ ಕೆಳಗೆ ಓದಿದವರ ಹೆಸರನ್ನೂ ಕಾಣುವಷ್ಟು ದೊಡ್ಡದಾಗಿ ಹಾಕಲಿ. ಕೇಳುಗರಾದ ನಮಗೂ ಒಂದು ಕೆಲಸ ಇದೆ. ಕೊಳ್ಳುವ ಮುಂಚೆ ಮಾದರಿ ಕೇಳುವಾಗ ಯುದ್ಧದ ಭಾಗ ಸಿಕ್ಕರೆ ಅದರಿಂದ ತೀರ್ಮಾನ ಮಾಡಬೇಡಿ, ಅದನ್ನು ಯಾರು ಬೇಕಾದರೂ ಜೋರಾಗಿ ಓದುತ್ತಾರೆ. ಇಬ್ಬರು ಊಟ ಮಾಡುತ್ತಾ ಏನೋ ಸಣ್ಣ ವಿಷಯ ಮಾತಾಡುವ ಭಾಗ ಹುಡುಕಿ ಕೇಳಿ. ಆ ಮಾತು ನಿಜವಾಗಿಯೂ ಊಟದ ಮಾತಿನ ಹಾಗೆ ಕೇಳಿಸಿದರೆ ಪುಸ್ತಕ ಕೊಳ್ಳಿ.